ದೀಪಸ್ತಂಭದ ಕನ್ಯೆ ಗ್ರೇಸ್ ಡಾರ್ಲಿಂಗ್

ಹತ್ತಿಕುಣಿಯಂಥ ಒಳನಾಡಿನ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಬಾವಿಯ ನೀರು, ಹಳ್ಳದ ನೀರು. ಬಹಳವಾದರೆ ಜಲಾಶಯದ ನೀರು. ಸಮುದ್ರವನ್ನು ಕಣ್ಣಾರೆ ಕಾಣದೆಯೇ ಆಯುಷ್ಯವನ್ನು ಕಳೆದ ಹಿರಿಯರು ನಮ್ಮಲ್ಲಿ ಅನೇಕರು. ಆದುದರಿಂದ ದೀಪಸ್ತಂಭವೆಂದರೇನೆಂಬುದನ್ನು ಮೊದಲು ಹೇಳಬೇಕಾಗುತ್ತದೆ. ಕಡಲಿನಲ್ಲಿ ಅಡಗಿರುವ ಬಂಡೆಗಳ ಇರವನ್ನು ರಾತ್ರಿಕಾಲದಲ್ಲಿ ನಾವಿಕರಿಗೆ ತಿಳಿಸುವುದಕ್ಕಾಗಿ ಎತ್ತರವಾದ ಗೋಪುರದ ನೆತ್ತಿಯಲ್ಲಿ ದೀಪವನ್ನು ಹಚ್ಚಿಡುವ ಏರ್ಪಾಡೇ ಅದು. ಉಡುಪಿಯ ಸಮೀಪದ ಕಾಪುವಿನಲ್ಲಿ 1901ರಲ್ಲಿ ಕಟ್ಟಲ್ಪಟ್ಟ ದೀಪಸ್ತಂಭವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ನೋಡಿರಬಹುದು. ಅಂಥದೊಂದು ಸ್ತಂಭವನ್ನೇ ಮನೆಯಾಗಿ ಮಾಡಿಕೊಂಡು ಬಾಳಿದ ಗ್ರೇಸ್ ಡಾರ್ಲಿಂಗ್ ಎಂಬ ಕನ್ಯೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಇಂಗ್ಲೆಂಡಿನ ಈಶಾನ್ಯದ ಅಂಚಿನಲ್ಲಿರುವ ನಾರ್ದಂಬರ್ಲೆಂಡ್ ಪ್ರಾಂತದ ತೀರದಿಂದ ಕೆಲವು ಮೈಲಿ ದೂರದಲ್ಲಿ ಫಾರ್ನ್ ಎಂಬ ಸಣ್ಣ ದ್ವೀಪಗಳ ಗುಂಪಿದೆ. ಉಬ್ಬರದ ಕಾಲದಲ್ಲಿ ಇವುಗಳಲ್ಲಿ ಅನೇಕ ಬಂಡೆಗಳು ನೀರಿನಡಿಯಲ್ಲಿ ಮರೆಯಾಗುವುವು. ಅಲ್ಲಿ ಒಡೆದುಹೋದ ಹಡಗುಗಳಿಗೆ ಲೆಕ್ಕವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ದ್ವೀಪಗಳಲ್ಲಿ ಗೋಪುರಗಳ ಮೇಲೆ ಕಲ್ಲಿದ್ದಲಿನ ಬೆಂಕಿಯನ್ನು ಉರಿಸುತ್ತಿದ್ದರು. ಗಾಳಿ ಬೀಸಿದರೆ ಇದ್ದಲು ಬೇಗನೆ ತೀರುವುದು. ಮಂಜು ಕವಿದರೆ ಬೆಂಕಿ ಕಾಣದು. ಕಾವಲುಗಾರನು ರಾತ್ರಿಯೆಲ್ಲ ಇದ್ದಲನ್ನು ಹೊತ್ತು ಸಾಗಿಸಬೇಕು. ಗ್ರೇಸಳ ಅಜ್ಜನಾದ ರಾಬರ್ಟ್ ಡಾರ್ಲಿಂಗನು ಬ್ರೌನ್ಸ್‌ಮನ್ ದ್ವೀಪದಲ್ಲಿ ಇಂಥ ಬೆಂಕಿಯನ್ನು ಕಾದವನು. ಆ ಮೇಲೆ ಟ್ರಿನಿಟಿ ಹೌಸ್ ಎಂಬ ಸಂಸ್ಥೆಯವರು ಎಣ್ಣೆದೀಪಗಳನ್ನೂ ಅವುಗಳ ಹಿಂದೆ ಬೆಳಕನ್ನು ದೂರಕ್ಕೆ ಎಸೆಯುವ ಲೋಹದ ದರ್ಪಣಗಳನ್ನೂ ತಂದರು. 1826ರಲ್ಲಿ ಇನ್ನೂ ಹೊರಗಿನ ಲಾಂಗ್‌ಸ್ಟೋನ್ ಬಂಡೆಯ ಮೇಲೆ ಹೊಸ ಸ್ತಂಭವು ಬೆಳಗಿತು. ಗ್ರೇಸಳ ತಂದೆ ವಿಲಿಯಂ ಡಾರ್ಲಿಂಗನು ಕುಟುಂಬಸಮೇತನಾಗಿ ಅಲ್ಲಿಗೆ ಹೋದನು.

ಗ್ರೇಸಳು 1815ನೆಯ ನವೆಂಬರ್ 24ರಂದು ಬಾಂಬರೋ ಗ್ರಾಮದಲ್ಲಿ ಜನಿಸಿದಳು. ಒಂಬತ್ತು ಮಕ್ಕಳಲ್ಲಿ ಏಳನೆಯವಳು. ಲಾಂಗ್‌ಸ್ಟೋನಿನಲ್ಲಿ ಹಿಡಿ ಮಣ್ಣೂ ಇರಲಿಲ್ಲ; ಕಾಯಿಪಲ್ಯ ಬೇಕಾದರೆ ಹಳೆಯ ದ್ವೀಪದ ತೋಟಕ್ಕೆ ದೋಣಿಯಲ್ಲಿ ಹೋಗಿ ಬರಬೇಕಾಗಿತ್ತು. ಓದುಬರಹವನ್ನು ತಂದೆಯೇ ಕಲಿಸಿದನು. ಇಸ್ಪೀಟಿನ ಎಲೆಗಳನ್ನು ಮನೆಯೊಳಗೆ ತರಗೊಡದಷ್ಟು ಕಟ್ಟುನಿಟ್ಟಿನವನು ಆತನು. ಅಣ್ಣಂದಿರೂ ಅಕ್ಕಂದಿರೂ ಒಬ್ಬೊಬ್ಬರಾಗಿ ತೀರಕ್ಕೆ ಹೊರಟುಹೋದ ಮೇಲೆ ದೀಪವನ್ನು ಒರೆಸುವುದು, ಎಣ್ಣೆ ತುಂಬುವುದು, ಸರದಿಯ ಮೇರೆಗೆ ರಾತ್ರಿ ಎಚ್ಚರವಾಗಿರುವುದು ಇವೆಲ್ಲದರಲ್ಲಿ ತಂದೆಗೆ ಹೆಗಲು ಕೊಟ್ಟವಳು ಈಕೆಯೇ. ಈಕೆಯ ಒಂದು ಬೆಳಗಿನ ಸಾಹಸವನ್ನು ಲೋಕವು ಬಲ್ಲದು. ಆದರೆ ನಮ್ಮ ಎಣಿಕೆಯಲ್ಲಿ, ಯಾರೂ ನೋಡದ ಆ ಸಾವಿರಾರು ರಾತ್ರಿಗಳ ಕಾವಲೇ ಹೆಚ್ಚಿನದು.

1838ನೆಯ ಸೆಪ್ಟೆಂಬರದಲ್ಲಿ ಫೋರ್ಫಾರ್‌ಷೈರ್ ಎಂಬ ಉಗಿಹಡಗು ಹಲ್ ಬಂದರಿನಿಂದ ಸ್ಕಾಟ್‌ಲೆಂಡಿನ ಡಂಡಿಗೆ ಹೊರಟಿತ್ತು. ದಾರಿಯಲ್ಲಿ ಬಾಯ್ಲರುಗಳು ಸೋರಿ ಯಂತ್ರವು ನಿಂತುಹೋಯಿತು. ಬಿರುಗಾಳಿಗೆ ಸಿಕ್ಕಿದ ಹಡಗು 7ನೆಯ ತಾರೀಖಿನ ಬೆಳಗಿನ ಜಾವ ಸುಮಾರು 4 ಘಂಟೆಗೆ ಬಿಗ್ ಹಾರ್ಕರ್ ಬಂಡೆಗೆ ಬಡಿದು ಕಾಲು ಘಂಟೆಯೊಳಗೆ ಎರಡಾಗಿ ಮುರಿಯಿತು. ನಲವತ್ತಕ್ಕೂ ಹೆಚ್ಚು ಮಂದಿ ಮುಳುಗಿದರು. ಒಂಬತ್ತು ಮಂದಿ ಹಡಗಿನ ದೋಣಿಯಲ್ಲಿ ತಪ್ಪಿಸಿಕೊಂಡರು. ಮತ್ತೆ ಒಂಬತ್ತು ಮಂದಿ ಬಂಡೆಯನ್ನು ಕಚ್ಚಿಕೊಂಡು ಉಳಿದರು.

ಮಹಡಿಯ ಕಿಟಕಿಯಿಂದ ಮುರಿದ ಹಡಗನ್ನು ಮೊದಲು ಕಂಡವಳು ಗ್ರೇಸಳು. ನಸುಕಿನಲ್ಲಿ ಮನುಷ್ಯರು ಕಾಣಲಿಲ್ಲ. ಸುಮಾರು 7 ಘಂಟೆಗೆ ಇಳಿತವಾದಾಗ ಬಂಡೆಯ ಮೇಲೆ ಜೀವವಿರುವುದು ತಿಳಿಯಿತು. ಆ ದಿನ ಸ್ತಂಭದಲ್ಲಿದ್ದವರು ತಂದೆ, ತಾಯಿ, ಮಗಳು ಮೂವರೇ. ದೋಣಿಯಾದರೋ ಅಂಥ ಕಡಲಿನಲ್ಲಿ ಮೂವರು ಗಂಡಸರು ನಡೆಸತಕ್ಕದ್ದು. ಹೋಗಿ ಮುಟ್ಟಿದರೂ ಇಬ್ಬರೇ ಹಿಂದಿರುಗಲಾರರು. ಬದುಕಿರುವವರಲ್ಲಿ ಹುಟ್ಟು ಹಾಕಬಲ್ಲವರು ಇದ್ದರೆ ಮಾತ್ರ ಉಂಟು ಎಂದು ತಂದೆಮಗಳಿಬ್ಬರೂ ಲೆಕ್ಕ ಹಾಕಿಕೊಂಡೇ ಹೊರಟರು. ತಾಯಿಯು ದೋಣಿಯನ್ನು ನೀರಿಗೆ ನೂಕಲು ಕೈಗೂಡಿಸಿದಳು. ನೇರವಾದ ದಾರಿ ಹತ್ತಿರವಾಗಿದ್ದರೂ ಅಲೆಗಳ ಹೊಡೆತವನ್ನು ತಪ್ಪಿಸಲು ದ್ವೀಪಗಳ ಮರೆಯಲ್ಲಿ ಸುಮಾರು ಒಂದು ಮೈಲಿ ಸುತ್ತಬೇಕಾಯಿತು.

ಬಂಡೆಯ ಬಳಿಯಲ್ಲಿ ತಂದೆಯು ಹಾರಿ ಇಳಿದನು. ಹುಟ್ಟುಗಳೆರಡೂ ಗ್ರೇಸಳೊಬ್ಬಳ ಕೈಗೆ ಬಂದವು. ದೋಣಿಯು ಕಲ್ಲಿಗೆ ತಾಗಿ ಒಡೆಯದಂತೆ, ದೂರಕ್ಕೂ ಕೊಚ್ಚಿಹೋಗದಂತೆ, ಆಕೆಯು ಅದನ್ನು ಮುಂದಕ್ಕೂ ಹಿಂದಕ್ಕೂ ನಡೆಸುತ್ತ ನಿಲ್ಲಿಸಿಕೊಂಡಿದ್ದಳು. ಬಂಡೆಯ ಮೇಲೆ ಶ್ರೀಮತಿ ಡಾಸನ್ ಎಂಬಾಕೆಯು ತನ್ನ ಇಬ್ಬರು ಮಕ್ಕಳನ್ನು ಅಪ್ಪಿಕೊಂಡು ಕುಳಿತಿದ್ದಳು. ಎರಡು ಕೂಸುಗಳೂ ಚಳಿಯಿಂದ ಸತ್ತುಹೋಗಿದ್ದವು. ದೋಣಿಯಲ್ಲಿ ಐವರಿಗೆ ಮಾತ್ರ ಎಡೆ. ಮಕ್ಕಳನ್ನು ಅಲ್ಲಿಯೇ ಬಿಟ್ಟು ತಾಯಿಯನ್ನು ಕರೆದುಕೊಂಡು ಬರಬೇಕಾಯಿತು. ಗ್ರೇಸಳು ಆ ತಾಯಿಯನ್ನು ಮನೆಗೆ ಸೇರಿಸಿ ಉಪಚಾರಕ್ಕೆ ನಿಂತಳು. ತಂದೆಯು ಪಾರಾದವರ ಪೈಕಿ ಹುಟ್ಟು ಹಾಕಬಲ್ಲವರನ್ನು ಸಂಗಡ ಕರೆದುಕೊಂಡು ಮತ್ತೆ ಹೋಗಿ ಉಳಿದ ನಾಲ್ವರನ್ನು ತಂದನು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆವು. ನಾರ್ತ್ ಸಂಡರ್ಲೆಂಡಿನಿಂದ ಏಳು ಮಂದಿ ಬೆಸ್ತರು, ಅವರಲ್ಲಿ ಒಬ್ಬನು ಗ್ರೇಸಳ ತಮ್ಮನೇ, ಇನ್ನೂ ಹೆಚ್ಚು ದೂರವನ್ನು ಅದೇ ಬಿರುಗಾಳಿಯಲ್ಲಿ ದಾಟಿ ಬಂಡೆಗೆ ಬಂದಿದ್ದರು. ಅವರಿಗೆ ದೊರೆತದ್ದು ಹೆಣಗಳು ಮಾತ್ರ. ಹಿಂದಿರುಗಲಾರದೆ ಅವರೂ ಲಾಂಗ್‌ಸ್ಟೋನಿನಲ್ಲಿಯೇ ಆಶ್ರಯ ಪಡೆದರು. ಆದರೆ ಚಿತ್ರಗಾರರು ಕೂದಲು ಕೆದರಿದ ಕನ್ಯೆಯೊಬ್ಬಳನ್ನೇ ಬರೆದರು.

ತಂದೆಗೂ ಮಗಳಿಗೂ ಬೆಳ್ಳಿಯ ಪದಕಗಳು ಬಂದವು. ವಿಕ್ಟೋರಿಯಾ ರಾಣಿಯವರು 50 ಪವುಂಡುಗಳನ್ನು ಕಳುಹಿಸಿದರು. ಆಕೆಯನ್ನು ನೋಡಲು ದೋಣಿ ತುಂಬ ಜನರು ಬರತೊಡಗಿದರು. ಆಕೆಯ ಒಂದು ಎಳೆ ಕೂದಲಿಗಾಗಿ, ಉಡುಪಿನ ಒಂದು ತುಂಡಿಗಾಗಿ ಕಾಗದಗಳು ಬಂದವು. ರಂಗಸ್ಥಳದ ಮೇಲೆ ಬಂದು ಕುಳಿತರೆ ಹಣ ಕೊಡುವೆವೆಂದವರೂ ಉಂಟು. ಆಕೆಯು ಒಪ್ಪಲಿಲ್ಲ. ದೀಪವನ್ನೂ ತಂದೆತಾಯಿಗಳನ್ನೂ ಬಿಟ್ಟು ಹೋಗಲಿಲ್ಲ. ಆದರೂ ಆ ಕೀರ್ತಿಯು ಆಕೆಗೆ ನೆಮ್ಮದಿಯನ್ನು ಉಳಿಸಲಿಲ್ಲ. 1842ರಲ್ಲಿ ಕ್ಷಯರೋಗವು ಅಂಟಿತು. ಅದೇ ವರ್ಷ ಅಕ್ಟೋಬರ್ 20ರಂದು, ತಾನು ಹುಟ್ಟಿದ ಬಾಂಬರೋ ಗ್ರಾಮದಲ್ಲಿಯೇ, 26 ವರ್ಷಗಳ ಪ್ರಾಯದಲ್ಲಿ ತೀರಿಕೊಂಡಳು. ಅಲ್ಲಿಯ ದೇವಾಲಯದ ಅಂಗಳದಲ್ಲಿ, ಸಮುದ್ರದಲ್ಲಿ ಸಾಗುವ ಹಡಗುಗಳವರಿಗೂ ಕಾಣುವಂತೆ, ಆಕೆಯ ಸ್ಮಾರಕವನ್ನು ನಿಲ್ಲಿಸಿದರು. 1990ರಿಂದ ಲಾಂಗ್‌ಸ್ಟೋನಿನ ದೀಪಕ್ಕೆ ಕಾವಲುಗಾರರಿಲ್ಲ. ಅದು ಯಂತ್ರದಿಂದ ತಾನೇ ಬೆಳಗುತ್ತದೆ.

ವಿಲಿಯಂ ಡಾರ್ಲಿಂಗನು ಸ್ತಂಭದ ದಿನಚರಿಯನ್ನು ಬರೆದಿಡುತ್ತಿದ್ದನು. 1838ನೆಯ ಸೆಪ್ಟೆಂಬರ್ 7ನೆಯ ದಿನದ ಬರೆವಣಿಗೆಯಲ್ಲಿ ಗಾಳಿಯ ದಿಕ್ಕು, ಹಡಗಿನ ತೂಕ, ಮುಳುಗಿದವರ ಸಂಖ್ಯೆ, ಸರಕಿನಲ್ಲಿದ್ದ ಬಟ್ಟೆ, ಸಾಬೂನು, ಕಬ್ಬಿಣದ ಸಾಮಾನುಗಳ ವಿವರ ಎಲ್ಲವೂ ಇವೆ. ಒಂಬತ್ತು ಮಂದಿಯನ್ನು ಡಾರ್ಲಿಂಗರು ಪಾರುಮಾಡಿದರೆಂದು ಮಾತ್ರ ಬರೆದಿದ್ದಾನೆ. ಮಗಳ ಹೆಸರು ಅದರಲ್ಲಿಲ್ಲ, ತನ್ನದೂ ಇಲ್ಲ.