ಶೇಷಾದ್ರಿ ಅಯ್ಯರವರೂ ಶಿವನಸಮುದ್ರವೂ

ಶಿವನಸಮುದ್ರದಲ್ಲಿ ಕಾವೇರಿಯು ಎರಡಾಗಿ ಒಡೆದು ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕುವುದನ್ನು ಕಂಡು ಕೈಮುಗಿದು ಹಿಂದಿರುಗಿದವರು ಅಸಂಖ್ಯಾತರು. ಅದನ್ನು ಸಂಸ್ಥಾನದ ಜಮಾಖರ್ಚಿನ ದೃಷ್ಟಿಯಿಂದ ನೋಡಿದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು.

1845ರಲ್ಲಿ ಪಾಲಕ್ಕಾಡು ಸೀಮೆಯಲ್ಲಿ ಜನಿಸಿ, 1868ರಲ್ಲಿ ಮೈಸೂರಿನ ನೌಕರಿಗೆ ಬಂದ ಈ ಮಹನೀಯರು, ರಂಗಾಚಾರ್ಲುರವರು ಕಾಲವಾದ ಮೇಲೆ 1883ರಲ್ಲಿ ದಿವಾನ್ ಪದವಿಯನ್ನು ವಹಿಸಿಕೊಂಡರು. 1876-78ರ ಮಹಾಕ್ಷಾಮದ ಸಾಲವು ಆಗ ಬೊಕ್ಕಸವನ್ನು ಅದುಮಿಕೊಂಡಿದ್ದಿತು. ಮಳೆ ಹೋದರೆ ಕಂದಾಯವೂ ಹೋಗುವ ರಾಜ್ಯಕ್ಕೆ ಮುಂದಿನ ವರ್ಷವೆಂಬುದೇ ಭೀತಿಯ ವಿಷಯ. ರೈಲುಮಾರ್ಗಗಳು, ಮಾರಿಕಣಿವೆಯ ಕಟ್ಟೆ, ಹೆಸರಘಟ್ಟದಿಂದ ಬೆಂಗಳೂರಿಗೆ ತಂದ ನೀರು, ಇವೆಲ್ಲವೂ ಆ ಕಾಲದಲ್ಲಿಯೇ ಕೈಗೊಂಡ ಕೆಲಸಗಳು. ಉನ್ನತಾಧಿಕಾರಗಳು ಮದರಾಸಿನ ಕಡೆಯವರ ಪಾಲಾದುವೆಂದು ಮೈಸೂರಿಗರು ಪಟ್ಟ ವ್ಯಥೆಯು ನಿರಾಧಾರವಾದುದೆಂದು ನಾವು ಹೇಳಲಾರೆವು. ಆದರೆ ಇಂದಿನ ಪ್ರಸ್ತಾಪ ಬೇರೆ.

ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ತೆಗೆದು 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಬೇಕಾಗಿದ್ದಿತು. ಅಷ್ಟು ದೂರದ ತಂತಿಯು ಆ ಕಾಲಕ್ಕೆ ಲೋಕದಲ್ಲಿಯೇ ವಿರಳ. ಯಂತ್ರಗಳನ್ನು ಸ್ಥಾಪಿಸಿದ ಮೇಲೆ ಗಣಿಯವರು ಹಿಂಜರಿದಿದ್ದರೆ, ಪ್ರಜೆಗಳ ಹಣವು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಗುತ್ತಿದ್ದಿತು. ಶೇಷಾದ್ರಿ ಅಯ್ಯರವರು ಇದನ್ನು ಬಲ್ಲವರಾಗಿದ್ದರು. ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರನ್ನು ಅಮೆರಿಕಾ ಮತ್ತು ಯೂರೋಪು ಖಂಡಗಳಿಗೆ ಕಳುಹಿಸಿ, ಅಲ್ಲಿ ಇಂತಹ ಕಾರ್ಯವು ನಡೆಯುತ್ತಿದ್ದ ಬಗೆಯನ್ನು ವಿಚಾರಿಸಿದರು. ಗಣಿಗಳ ಆಡಳಿತವನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪೆನಿಯವರೊಡನೆ ಒಪ್ಪಂದಮಾಡಿಕೊಂಡರು. ಸುಮಾರು 4,000 ಅಶ್ವಶಕ್ತಿಗೆ ಗಿರಾಕಿಯು ಹೀಗೆ ಮೊದಲೇ ದೊರೆತಂತಾಯಿತು. ಸೌದೆ ಕಲ್ಲಿದ್ದಲುಗಳ ವೆಚ್ಚದಿಂದ ಗಣಿಯವರು ಬಳಲಿದ್ದುದೂ ಅನುಕೂಲವೇ ಆಯಿತೆನ್ನಬೇಕು.

ಮತ್ತೊಂದು ಸೂಕ್ಷ್ಮವಿದೆ. 1892ರ ಒಪ್ಪಂದದ ಪ್ರಕಾರ ಕಾವೇರಿಯ ಮೇಲೆ ಹೊಸ ನೀರಾವರಿ ಕಟ್ಟೆಗೆ ಮದರಾಸು ಸರ್ಕಾರದ ಸಮ್ಮತಿ ಬೇಕಾಗಿದ್ದಿತು. ಶಿವನಸಮುದ್ರದಲ್ಲಿಯಾದರೋ ನೀರು ಚಕ್ರಗಳನ್ನು ತಿರುಗಿಸಿ ಮರಳಿ ಹೊಳೆಗೇ ಸೇರುತ್ತಿದ್ದುದರಿಂದ ಕೆಳಗಿನವರ ಪಾಲಿಗೆ ನಷ್ಟವಿರಲಿಲ್ಲ.

ಗಿರಾಕಿಯ ವಿಷಯದಲ್ಲಿ ಇಷ್ಟು ಎಚ್ಚರವಹಿಸಿದ ದಿವಾನರು ನದಿಯನ್ನು ಮಾತ್ರ ನಂಬಿಬಿಟ್ಟರೆಂಬುದು ನಮ್ಮ ಅಭಿಪ್ರಾಯ. ಬೇಸಗೆಯಲ್ಲಿ ಕಾವೇರಿ ಸೊರಗುವಳು. ನೀರನ್ನು ಕೂಡಿಡುವ ಏರ್ಪಾಡು ಯೋಜನೆಯಲ್ಲಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆ 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಬೇಕಾಯಿತು.

1901ರಲ್ಲಿ ಅನಾರೋಗ್ಯದಿಂದ ನಿವೃತ್ತರಾದ ಶೇಷಾದ್ರಿ ಅಯ್ಯರವರು ಅದೇ ಸೆಪ್ಟೆಂಬರಿನಲ್ಲಿ ಕಾಲವಾದರು. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿದುದು 1902ರ ಜೂನ್ 30ರಂದು; ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿದುದು 1905ರಲ್ಲಿ.