ಗ್ರಾಮಮಿತ್ರನಾದ ರೈಫೈಜೆನನ ಚರಿತ್ರೆ

ಸಹಕಾರ ಸಂಘದಿಂದ ಸಾಲ ಪಡೆದಿರುವ ನಮ್ಮಲ್ಲಿ ಅನೇಕರು ಆ ಏರ್ಪಾಡು ಸರಕಾರದಿಂದಲೇ ಹುಟ್ಟಿತೆಂದು ನೆನಸುವದುಂಟು. ಆದರೆ ಅದರ ಮೂಲವನ್ನು ಹುಡುಕುತ್ತಾ ಹೋದರೆ ನಾವು ಜರ್ಮನಿ ದೇಶದ ಒಂದು ಬಡ ಬೆಟ್ಟಸೀಮೆಗೆ ಬಂದು ಮುಟ್ಟುತ್ತೇವೆ.

ಫ್ರೀದ್ರಿಕ್ ವಿಲ್ಹೆಲ್ಮ್ ರೈಫೈಜೆನ್ ಎಂಬವನು 1818ನೆಯ ಇಸವಿ ಮಾರ್ಚ್ 30ರಲ್ಲಿ ಜೀಗ್ ನದಿಯ ದಡದ ಹಾಮ್ ಎಂಬ ಊರಲ್ಲಿ ಹುಟ್ಟಿದನು. ಒಂಬತ್ತು ಮಕ್ಕಳ ಆ ಮನೆಯಲ್ಲಿ ಹೆಚ್ಚಿನ ವಿದ್ಯೆಗೆ ಹಣವಿರಲಿಲ್ಲವಾದದರಿಂದ ಊರಿನ ಪಾದ್ರಿಯೇ ಹುಡುಗನಿಗೆ ಪಾಠ ಹೇಳಿಕೊಟ್ಟನು. ಮುಂದೆ ಅವನು ಸೈನ್ಯದ ಫಿರಂಗಿ ದಳವನ್ನು ಸೇರಿ, ಕಣ್ಣುಬೇನೆಯ ದೆಸೆಯಿಂದ 1843ರಲ್ಲಿ ಅದನ್ನು ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಮತ್ತು ಸುತ್ತಲಿನ ಹಳ್ಳಿಗಳ ಆಡಳಿತವು ಅವನ ಕೈಗೆ ಬಂತು.

ಮರುವರುಷವೇ ಬೆಳೆ ಕೆಟ್ಟು, ಚಳಿಗಾಲದಲ್ಲಿ ಜನರು ಹಸಿವೆಯಿಂದ ಬಳಲಿದರು. ಸರಕಾರದವರು ಹಿಟ್ಟನ್ನೇನೋ ಕಳುಹಿಸಿದರು. ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಅದನ್ನು ಕೊಡತಕ್ಕದ್ದೆಂದು ಆಜ್ಞೆಯನ್ನೂ ಸಂಗಡ ಕಳುಹಿಸಿದರು. ಹಸಿದವನ ಬಳಿ ರೊಕ್ಕವೆಲ್ಲಿಯದು? ರೈಫೈಜೆನನು ಆಜ್ಞೆಯನ್ನು ಬದಿಗಿಟ್ಟು ಹಿಟ್ಟನ್ನು ಸಾಲವಾಗಿ ಹಂಚಿಸಿದನು. ಮೇಲಧಿಕಾರಿಗಳ ಮಾತನ್ನು ಮೀರುವದು ನೌಕರನಾದವನಿಗೆ ಎಂಥ ಗಂಡಾಂತರವೆಂದು ನಾವು ಹೇಳಬೇಕಾಗಿಲ್ಲ. ಬಳಿಕ ಅನುಕೂಲಸ್ಥರಿಂದ ಹಣ ಕೂಡಿಸಿ, ರೊಟ್ಟಿ ಸುಡುವ ಒಲೆಮನೆಯನ್ನು ಕಟ್ಟಿಸಿ, ಪೇಟೆಯ ಬೆಲೆಗಿಂತ ಬಹಳ ಕಡಿಮೆಗೆ ಬಡವರಿಗೆ ರೊಟ್ಟಿ ದೊರೆಯುವಂತೆ ಮಾಡಿದನು.

1848ರಲ್ಲಿ ಫ್ಲಾಮರ್ಸ್‌ಫೆಲ್ಡಿಗೆ ವರ್ಗವಾದಾಗ ಅವನ ಕಣ್ಣಿಗೆ ಬಿದ್ದದ್ದು ಬೇರೊಂದು ಕಷ್ಟ. ಒಕ್ಕಲಿಗನು ಒಂದು ಹಸುವಿಗೋಸ್ಕರ ಸಾಲ ಮಾಡಿ, ಬಡ್ಡಿ ಬೆಳೆದು, ಕಡೆಗೆ ಹಸುವನ್ನೂ ಹೊಲವನ್ನೂ ಕಳಕೊಳ್ಳುತ್ತಿದ್ದನು. ಈ ಕಥೆ ನಮಗೆ ಹೊಸದಲ್ಲ. 1849ರಲ್ಲಿ ಅವನು ಅಲ್ಲಿಯ 60 ಮಂದಿ ಸ್ಥಿತಿವಂತರನ್ನು ಕೂಡಿಸಿ ಸಹಾಯಕ ಸಂಘವನ್ನು ಸ್ಥಾಪಿಸಿದನು. ಅವರ ಜಾಮೀನಿನ ಮೇಲೆ ಹಣ ತಂದು, ದನಗಳನ್ನು ಕೊಡಿಸಿ, ಬೆಲೆಯನ್ನು ಕಂತು ಕಂತಾಗಿ ವಸೂಲು ಮಾಡುತ್ತಿದ್ದರು. 1852ರಲ್ಲಿ ಹೆಡ್ಡೆಸ್‌ಡೋರ್ಫಿಗೆ ಹೋದ ಮೇಲೆ, 1854ರಲ್ಲಿ ದಿಕ್ಕಿಲ್ಲದ ಮಕ್ಕಳ ಪೋಷಣೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ, ಬಡವರಿಗೆ ಸಾಲ ಇವೆಲ್ಲವನ್ನೂ ನಡಿಸುವ ಧರ್ಮಸಂಘವನ್ನು ಆರಂಭಿಸಿದನು.

ನೆರೆಯವನನ್ನು ಪ್ರೀತಿಸಬೇಕೆಂಬ ದೇವರ ಆಜ್ಞೆಯೇ ಇದಕ್ಕೆಲ್ಲಾ ಸಾಕಾದ ಬುನಾದಿಯೆಂದು ಅವನು ನಂಬಿದ್ದನು. ಆದರೆ ವರುಷಗಳು ಕಳೆದಂತೆ ಧನಿಕರು ದಣಿದರು. ಸಾಲ ಪಡೆದವನು ಒಬ್ಬ, ಹೊಣೆ ಹೊತ್ತವನು ಇನ್ನೊಬ್ಬ ಎಂಬ ಏರ್ಪಾಡು ನಿಲ್ಲಲಾರದೆಂದು ಅವನು ಬಹು ದುಃಖದಿಂದ ಒಪ್ಪಿಕೊಂಡನು. ಹದಿನೈದು ವರುಷ ತಾನು ಕಟ್ಟಿದ್ದೇ ಸಾಲದೆಂದು ಒಪ್ಪುವದು ಒಳ್ಳೇ ಮನುಷ್ಯರಿಗೆ ಎಲ್ಲಕ್ಕಿಂತ ಕಠಿಣವಾದ ಕೆಲಸವೆಂದು ನಮಗೆ ತೋರುತ್ತದೆ.

1864ರಲ್ಲಿ ಹೊಸ ಸಾಲಸಂಘವು ಹುಟ್ಟಿತು. ಇದರಲ್ಲಿ ಸಾಲ ಬೇಕಾದವನು ತಾನೇ ಸದಸ್ಯನಾಗಬೇಕು. ಒಬ್ಬನ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯೊಡನೆ ಹೊಣೆ. ಇಂಥ ಸಂಘಗಳ ಮೇರೆಯು ಒಂದು ಗ್ರಾಮದಷ್ಟು ಚಿಕ್ಕದಾಗಿರಬೇಕೆಂಬದು ಅವನ ಹಟ. ಯಾವನು ಮುಂಜಾನೆ ನೇಗಿಲು ಹೂಡುತ್ತಾನೆ, ಯಾವನು ಸಂಜೆ ಹೆಂಡದಂಗಡಿಗೆ ಹೋಗುತ್ತಾನೆ ಎಂಬದು ನೆರೆಯವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಲೆಕ್ಕ ಬರೆಯುವವನ ಹೊರತು ನಡಿಸುವವರಿಗೆ ಸಂಬಳವಿಲ್ಲ. ಲಾಭವನ್ನು ಹಂಚಿಕೊಳ್ಳದೆ ಒಟ್ಟು ನಿಧಿಯಾಗಿ ಇಡತಕ್ಕದ್ದು.

1863ರಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಅವನ ದೃಷ್ಟಿಯೂ ಬಹಳ ಮಂದವಾಗಿತ್ತು. 1865ರಲ್ಲಿ ಉದ್ಯೋಗ ಬಿಟ್ಟಾಗ ಬಂದ ಅಲ್ಪ ಪಿಂಚಣಿ ಸಂಸಾರಕ್ಕೆ ಸಾಲದೆ, ದ್ರಾಕ್ಷಾರಸದ ವ್ಯಾಪಾರದಿಂದ ಜೀವಿಸಿದನು. ಹಿರಿಯ ಮಗಳಾದ ಅಮಾಲಿಯೆ ಅವನಿಗೆ ಓದಿ ಹೇಳಿ, ಅವನು ಹೇಳಿದ್ದನ್ನು ಬರೆದು, ವಿವಾಹವಾಗದೆ ಅವನ ಬಳಿಯಲ್ಲೇ ಉಳಿದಳು. ತಂದೆಯ ಕೀರ್ತಿಯನ್ನು ಹೇಳುವವರು ಇವಳ ಹೆಸರನ್ನು ಬಿಡುವದು ನ್ಯಾಯವಲ್ಲ. 1866ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಈ ಸಂಘಗಳ ಕ್ರಮವು ದೂರದ ಊರುಗಳಿಗೂ ತಿಳಿದುಬಂತು. ಅವನು 1888ರ ಮಾರ್ಚ್ 11ರಲ್ಲಿ, 70 ವರುಷ ತುಂಬುವದಕ್ಕೆ ಕೆಲವೇ ದಿನಗಳಿರುವಾಗ ತೀರಿಕೊಂಡನು.

ನಮ್ಮ ದೇಶದ ಒಕ್ಕಲಿಗರ ಸಾಲದ ವಿಷಯವಾಗಿ ವಿಚಾರಿಸಲು ಮದ್ರಾಸು ಸರಕಾರದವರು ನೇಮಿಸಿದ ಫ್ರೆಡರಿಕ್ ನಿಕಲ್ಸನ್ ದೊರೆಯು 1895 ಮತ್ತು 1897ರ ವರದಿಗಳಲ್ಲಿ ಇವನ ಮಾರ್ಗವನ್ನೇ ಹೊಗಳಿದನು. 1904ರಲ್ಲಿ ಸಹಕಾರದ ಕಾನೂನು ಬಂತು. ಮರುವರುಷ, 1905ರಲ್ಲಿ, ಗದಗಿನ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ತಮ್ಮ ಊರಿನ ಒಕ್ಕಲಿಗರನ್ನು ಕೂಡಿಸಿ ಸಾಲಸಂಘವನ್ನು ಸ್ಥಾಪಿಸಿದರು.