ನಾಲಗೆಗೆ ನಲಿವಿತ್ತ ಪಂಜೆಯವರು

ಊರು ತೊರೆದು ದೂರದ ನಗರಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಶಾಲೆಯ ನುಡಿ ಬೇರೆ, ಬೀದಿಯ ನುಡಿ ಬೇರೆ. ಆದರೂ ಕನ್ನಡದ ಒಂದಕ್ಷರವನ್ನೂ ಓದಲರಿಯದ ಕೂಸು ಅಜ್ಜಿಯಿಂದ ಕಲಿತ ನಾಗರಹಾವಿನ ಹಾಡನ್ನು ಕೈಮುಗಿದು ಒಪ್ಪಿಸುವುದನ್ನು ನಾವು ಕಂಡಿದ್ದೇವೆ. ಆ ಹಾಡನ್ನು ಕಟ್ಟಿಕೊಟ್ಟವರು ದಿವಂಗತ ಪಂಜೆ ಮಂಗೇಶರಾಯರು.

ರಾಯರು 1874ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಊರಮಾತು ತುಳು, ವಿದ್ಯೆಯ ಮಾತು ಕನ್ನಡ. ಮೂರು ನುಡಿಗಳ ನಾದವನ್ನು ಎಳವೆಯಿಂದಲೇ ಕೇಳಿ ಬೆಳೆದ ಕಿವಿ ಅವರದು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ, ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಕೊಡಗಿನಲ್ಲಿದ್ದಾಗ ಆ ನಾಡಿಗೆ ಕೊಟ್ಟ ಹುತ್ತರಿ ಹಾಡನ್ನು ಅಲ್ಲಿಯ ಜನ ಇಂದಿಗೂ ತಮ್ಮದೆಂದೇ ಹಾಡುತ್ತಾರೆ.

ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದ ಪಂಡಿತರು ಇವರೇ ಎಂಬುದನ್ನು ನೆನೆದಾಗ ನಮಗೆ ಸೋಜಿಗವೆನಿಸುತ್ತದೆ. ಗುಡುಗುಡು, ಪಟಪಟ, ಗಿರಗಿರ ಎಂಬಂಥ ಮಾತುಗಳನ್ನು ವ್ಯಾಕರಣವು ಅನುಕರಣಾವ್ಯಯವೆಂದು ಹೆಸರಿಸಿ ಸುಮ್ಮನಾಗುತ್ತದೆ. ರಾಯರಾದರೋ ಅವನ್ನು ಸೂತ್ರದ ಸೆರೆಯಿಂದ ಬಿಡಿಸಿ ಮಕ್ಕಳೊಡನೆ ಆಟಕ್ಕೆ ಬಿಟ್ಟರು. ಗುಡುಗುಡು ಗುಮ್ಮಟ ದೇವರು, ಮೆಣಸಿನ ಕಾಳಪ್ಪ ಎಂಬ ಕಥೆಗಳ ಹೆಸರನ್ನು ಉಚ್ಚರಿಸಿದೊಡನೆ ಮಗುವಿಗೆ ನಗು ಬರುತ್ತದೆ, ಕಥೆ ಆಮೇಲೆ. ತೆಂಕಣ ಗಾಳಿಯಾಟವನ್ನು ಗಟ್ಟಿಯಾಗಿ ಓದಿದವರಿಗೆ ಕಡಲಿನಿಂದೆದ್ದ ಬಿರುಗಾಳಿ ಅರ್ಥಕ್ಕಿಂತ ಮೊದಲು ಕಿವಿಗೇ ತಾಗುತ್ತದೆ. ಅಲ್ಲಿ ಪದಗಳು ಗಾಳಿಯನ್ನು ವರ್ಣಿಸುವುದಿಲ್ಲ, ತಾವೇ ಬೀಸುತ್ತವೆ.

ಇಷ್ಟೆಲ್ಲ ಮಾಡಿಯೂ ಅವರು ತಮ್ಮನ್ನು ಕವಿಯೆಂದು ಕರೆದುಕೊಳ್ಳಲಿಲ್ಲ. ಕವಿಶಿಷ್ಯ ಎಂಬ ಹೆಸರೇ ಸಾಕೆಂದರು. ಸುವಾಸಿನಿ ಪತ್ರಿಕೆಯಲ್ಲಿ ಅವರು ಬರೆದ ಕಥೆಗಳು ಕನ್ನಡದ ಮೊತ್ತಮೊದಲ ಸಣ್ಣಕಥೆಗಳ ಸಾಲಿನಲ್ಲಿವೆ. ತುಳುನಾಡಿನ ವೀರರ ಕಥೆಯನ್ನು ಕೋಟಿ ಚೆನ್ನಯವೆಂಬ ಕೃತಿಯಾಗಿ ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳ ಪುಸ್ತಕವೂ ಸಾಹಿತ್ಯವೇ ಎಂಬುದನ್ನು ತೋರಿಸಿಕೊಟ್ಟರು.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ ಅವರು ಕಣ್ಮುಚ್ಚಿದರು. ಹುಟ್ಟೂರಿನ ಕಡಲಗಾಳಿಯಿಂದ ಬಹುದೂರದಲ್ಲಿ ಅವರ ಕೊನೆಯ ದಿನಗಳು ಕಳೆದುವೆಂಬುದು ಹೊರನಾಡಿಗರಾದ ನಮ್ಮ ಮನಸ್ಸನ್ನು ತಟ್ಟುವ ಸಂಗತಿ.

ನಮ್ಮ ಮಕ್ಕಳಿಗೆ ಕನ್ನಡ ಉಳಿದೀತೇ ಎಂದು ನಾವು ಸಭೆಗಳಲ್ಲಿ ಚಿಂತಿಸುತ್ತೇವೆ, ಭಾನುವಾರದ ತರಗತಿಗಳಲ್ಲಿ ಕಾಗುಣಿತ ತಿದ್ದಿಸುತ್ತೇವೆ. ಅದೂ ಬೇಕು. ಆದರೆ ಕರ್ತವ್ಯವೆಂದು ಕಲಿತ ನುಡಿ ಪರೀಕ್ಷೆಯೊಡನೆ ಮರೆತುಹೋಗುತ್ತದೆ. ನಾಲಗೆಯಲ್ಲಿ ಕುಣಿದ ನುಡಿ ಮುಪ್ಪಿನವರೆಗೂ ಉಳಿಯುತ್ತದೆ. ವ್ಯಾಕರಣವನ್ನು ಬಲ್ಲ ರಾಯರೇ ಮಗುವಿನ ಕೈಗೆ ಮೊದಲು ಆಟಿಕೆಯನ್ನಿತ್ತರು. ಈ ರಾತ್ರಿ ದೀಪ ಆರಿಸುವ ಮುನ್ನ ಅವರದೊಂದು ಹಾಡನ್ನು ಮಗುವಿನೊಡನೆ ನಾವೂ ಹೇಳೋಣ.